ಬಾಡಿಗೆ ಬಾಕಿ ಇದ್ದರೂ ಸಾಮಾನು ಬಾಡಿಗೆದಾರರದ್ದೇ

ಬೆಂಗಳೂರಿನಲ್ಲಿ ಬಾಡಿಗೆ ಜಗಳ ಎಂದರೆ ಮೊದಲು ನೆನಪಾಗುವುದು ಅಡ್ವಾನ್ಸ್. ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಇಷ್ಟು, ಕ್ಲೀನಿಂಗ್‌ಗೆ ಇಷ್ಟು, ಒಡೆದ ಸ್ವಿಚ್ಚಿಗೆ ಇಷ್ಟು ಎಂದು ಮುರಿದುಕೊಂಡು ಉಳಿದದ್ದನ್ನು ಕೈಗಿಡುವ ಕಥೆ ಬಾಡಿಗೆಗೆ ಇದ್ದವರಿಗೆಲ್ಲ ಗೊತ್ತು. ಅದಕ್ಕಿಂತ ಹೆಚ್ಚು ನೋವು ಕೊಡುವ, ಆದರೆ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಜಗಳವಿದೆ. ಊರಿಗೆ ಹೋಗಿ ಬರುವಷ್ಟರಲ್ಲಿ ರೂಮಿಗೆ ಹೊಸ ಬೀಗ ಬಿದ್ದಿರುತ್ತದೆ, ಒಳಗೆ ಬೇರೆ ಯಾರೋ ಬಂದಿರುತ್ತಾರೆ. ನಮ್ಮ ಸಾಮಾನು ಎಲ್ಲಿ ಎಂದು ಕೇಳಿದರೆ, 'ಎಷ್ಟು ದಿನ ಅಂತ ಇಟ್ಕೊಳ್ಳೋದು? ಗುಜರಿಗೆ ಹಾಕಿದ್ವಿ' ಎಂಬ ಉತ್ತರ ಬರುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಊಹೆಯದ್ದೇ ಆದರೂ ತೀರಾ ಮಾಮೂಲಿಯಾದ ಒಂದು ಸಂದರ್ಭ ಇಟ್ಟುಕೊಳ್ಳೋಣ. ಹಾವೇರಿ ಕಡೆಯ ಹುಡುಗಿ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿದ್ದಾಳೆ. ಅಪ್ಪನಿಗೆ ಆಪರೇಷನ್ ಆಗಬೇಕು, ಊರಿಗೆ ಹೊರಟಿದ್ದಾಳೆ. ಎರಡು ತಿಂಗಳು ಬರಲಾಗದು, ಸುಮ್ಮನೆ ಬಾಡಿಗೆ ಕಟ್ಟುವುದೇಕೆ ಎಂದು ಬೆಡ್ ಬಿಟ್ಟುಕೊಡುತ್ತಾಳೆ. 'ಅಣ್ಣಾರ, ಒಂದು ಟ್ರಂಕು, ಎರಡು ಬಾಕ್ಸು ಮೆಟ್ಟಿಲ ಕೆಳಗ ಇಟ್ಟಿರ್ತೀನ್ರಿ, ಬಂದು ತಗೊಂಡು ಹೋಗ್ತೀನಿ' ಎನ್ನುತ್ತಾಳೆ. ಮ್ಯಾನೇಜರ್ 'ಇಟ್ಟೋಗಮ್ಮ, ಏನೂ ಆಗಲ್ಲ' ಎನ್ನುತ್ತಾನೆ. ಮುಂದಿನ ತಿಂಗಳು ಆ ಮ್ಯಾನೇಜರ್ ಕೆಲಸ ಬಿಡುತ್ತಾನೆ. ಹೊಸಬನಿಗೆ ಮೆಟ್ಟಿಲ ಕೆಳಗೆ ನೀರಿನ ಕ್ಯಾನ್ ಇಡಲು ಜಾಗ ಬೇಕಾಗುತ್ತದೆ. ಟ್ರಂಕು, ಬಾಕ್ಸು ಗುಜರಿ ಗಾಡಿ ಹತ್ತುತ್ತವೆ.

ಟ್ರಂಕಿನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟು, ಜಾತಿ ಪ್ರಮಾಣಪತ್ರ. ಬಾಕ್ಸುಗಳಲ್ಲಿ ಕುಕ್ಕರು, ಇಂಡಕ್ಷನ್ ಒಲೆ, ಒಂದಿಷ್ಟು ಪುಸ್ತಕ, ಅಜ್ಜಿ ಹಳೇ ಸೀರೆ ಜೋಡಿಸಿ ಹೊಲಿದ ಕೌದಿ. ಗುಜರಿಯವನು ತಕ್ಕಡಿಗೆ ಹಾಕಿದರೆ ಎಲ್ಲ ಸೇರಿ ಕೆಲವು ನೂರು ರೂಪಾಯಿ. ಅಂಕಪಟ್ಟಿಗಳ ನಕಲು ಪ್ರತಿ ತೆಗೆಸಲು ಅಫಿಡವಿಟ್ಟು, ಪೊಲೀಸ್ ಸ್ವೀಕೃತಿ, ಶುಲ್ಕ, ಒಂದೊಂದು ಕಾಗದಕ್ಕೂ ಒಂದೊಂದು ಕಚೇರಿಯ ಅಲೆದಾಟ. ಕೆಲವಕ್ಕೆ ಡಿಜಿಲಾಕರ್ ನೆರವಾಗಬಹುದು. ಕೌದಿಗೆ ಬಿಲ್ಲೂ ಇಲ್ಲ, ಬದಲಿಯೂ ಇಲ್ಲ. ಇಂಥ ಪ್ರಕರಣಗಳ ನಷ್ಟವನ್ನು ಮಾರುಕಟ್ಟೆ ಬೆಲೆಯಲ್ಲಿ ಅಳೆಯಲು ಹೋದರೆ ಅನ್ಯಾಯದ ಮುಕ್ಕಾಲು ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ದೂರು ದಾಖಲಿಸುವವರೂ ಮೊದಲು ಕೇಳುವುದು 'ಟೋಟಲ್ ಎಷ್ಟು ರೂಪಾಯಿದು?' ಎಂದೇ.

ಸಾಲ ಬೇರೆ, ಸಾಮಾನು ಬೇರೆ

ಮಾಲೀಕರ ಕಡೆಯ ವಾದ ಹೀಗಿರುತ್ತದೆ: ಬಾಡಿಗೆ ಬಂದಿಲ್ಲ, ಜಾಗ ನನ್ನದು, ಸಾಮಾನು ನನ್ನ ಜಾಗದಲ್ಲಿದೆ, ಹಾಗಾಗಿ ಅದನ್ನು ಏನು ಮಾಡಬೇಕು ಎಂಬುದು ನನಗೆ ಬಿಟ್ಟದ್ದು. ಮೊದಲ ಮೂರು ಮಾತೂ ನಿಜವಿರಬಹುದು. ಆದರೆ ಅವುಗಳಿಂದ ನಾಲ್ಕನೆಯದು ಹುಟ್ಟುವುದಿಲ್ಲ. ಬಾಕಿ ಬಾಡಿಗೆ ಎಂಬುದು ಒಂದು ಸಾಲ. ಸಾಲ ವಸೂಲಿಗೆ ದಾರಿ ಇದೆ, ಆದರೆ ಸಾಲಗಾರನ ಪಾತ್ರೆ–ಪಗಡೆ ಎತ್ತಿಕೊಳ್ಳುವುದು ಆ ದಾರಿಯಲ್ಲ.

ಇನ್ನೊಬ್ಬರ ವಸ್ತುವನ್ನು ಬಾಕಿಗಾಗಿ ತಡೆಹಿಡಿಯುವ ಹಕ್ಕು ಯಾರಿಗಿದೆ ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆ ಹೇಳುತ್ತದೆ. 170ನೇ ಸೆಕ್ಷನ್ ಪ್ರಕಾರ, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವರು ಕೂಲಿ ಸಿಗುವ ತನಕ ಅದನ್ನು ಇಟ್ಟುಕೊಳ್ಳಬಹುದು. ವಾಚ್ ರಿಪೇರಿ ಮಾಡಿದವರು, ಬಟ್ಟೆ ಹೊಲಿದ ಟೈಲರ್ ಇದಕ್ಕೆ ಉದಾಹರಣೆ. 171ನೇ ಸೆಕ್ಷನ್ ಬ್ಯಾಂಕು, ಬಂದರುಕಟ್ಟೆಯವರು ಹೀಗೆ ಕೆಲವರಿಗೆ ವಿಶಾಲವಾದ ಹಕ್ಕು ಕೊಡುತ್ತದೆ. ಮನೆ ಮಾಲೀಕರು ಈ ಎರಡು ಪಟ್ಟಿಯಲ್ಲೂ ಇಲ್ಲ. ಒಂದೇ ಒಂದು ಬಾಗಿಲು ತೆರೆದಿದೆ: ಸ್ಪಷ್ಟವಾಗಿ ಕರಾರಿನಲ್ಲಿ ಬರೆದುಕೊಂಡಿದ್ದರೆ ಬೇರೆಯವರಿಗೂ ತಡೆಹಿಡಿಯುವ ಹಕ್ಕು ಹುಟ್ಟಬಹುದು. ಬಾಡಿಗೆ ಕರಾರನ್ನು ಓದದೇ ಸಹಿ ಹಾಕುವವರು ಗಮನಿಸಬೇಕಾದ ಮಾತಿದು. ಹಾಗೆ ಬರೆದಿದ್ದರೂ ಅದು ಇಟ್ಟುಕೊಳ್ಳುವ ಹಕ್ಕು ಮಾತ್ರ. ಎಸೆಯುವುದಕ್ಕೋ ಗುಜರಿಗೆ ತೂಗುವುದಕ್ಕೋ ಅದರಿಂದ ಅನುಮತಿ ಸಿಗುವುದಿಲ್ಲ.

ಬಾಕಿ ವಸೂಲಿಗೆಂದು ಬಲವಂತವಾಗಿ ಸಾಮಾನು ಎತ್ತಿಕೊಂಡು ಹೋಗುವುದು ಕಳ್ಳತನವೇ ಎಂದು ಕಲ್ಕತ್ತಾ ಹೈಕೋರ್ಟ್ 1895ರಷ್ಟು ಹಿಂದೆಯೇ ಹೇಳಿದೆ. 'ನಾನು ಕದಿಯಲಿಲ್ಲ, ಬಾಕಿ ಕೊಟ್ಟ ಮೇಲೆ ವಾಪಸ್ ಕೊಡ್ತಿದ್ದೆ' ಎಂಬ ಸಮಜಾಯಿಷಿ ಅಂದೇ ನಿಲ್ಲಲಿಲ್ಲ. ಬಾಡಿಗೆ ಬಾಕಿಗೆ ಸಾಮಾನು ಜಪ್ತಿ ಮಾಡುವ ವಿಶೇಷ ವಿಧಾನವನ್ನು ಬ್ರಿಟಿಷರ ಕಾಲದ 1882ರ ಪ್ರೆಸಿಡೆನ್ಸಿ ಸಣ್ಣ ವ್ಯಾಜ್ಯ ನ್ಯಾಯಾಲಯಗಳ ಕಾಯ್ದೆ ಕಲ್ಕತ್ತಾ, ಮದ್ರಾಸು, ಬೊಂಬಾಯಿ ನಗರಗಳಿಗೆ ಕೊಟ್ಟಿತ್ತು. ಅಲ್ಲಿಯೂ ಮಾಲೀಕರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ವಾರಂಟ್ ಆಗಬೇಕು, ಜಪ್ತಿ ಮಾಡುವುದು ಕೋರ್ಟಿನ ಸಿಬ್ಬಂದಿ. ಮಾಲೀಕರೇ ಬೀಗ ಮುರಿದು ಒಳಗೆ ನುಗ್ಗಲು ಅದೂ ಬಿಡಲಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಓದಿದರೆ ಈ ವಿಷಯದಲ್ಲಿ ಕಾನೂನಿನ ಮನಸ್ಸು ಎಲ್ಲಿದೆ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಮಾಲೀಕರು ದಾವೆ ಹೂಡಿ, ಗೆದ್ದು, ಬಾಕಿ ವಸೂಲಿಗೆ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಪಡೆದರೂ ಸಾಲಗಾರನ ಎಲ್ಲ ಸಾಮಾನನ್ನೂ ಜಪ್ತಿ ಮಾಡುವಂತಿಲ್ಲ. ಆತನ ಮತ್ತು ಹೆಂಡತಿ–ಮಕ್ಕಳ ಅಗತ್ಯ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ–ಹೊದಿಕೆ, ಧಾರ್ಮಿಕ ಸಂಪ್ರದಾಯದಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ, ಇವೆಲ್ಲ ಜಪ್ತಿಯಿಂದ ಹೊರಗೆ. ಅಂದರೆ ಮೊಹರು ಹಾಕಿದ ಆದೇಶ ಹಿಡಿದು ಬಂದ ಕೋರ್ಟ್ ಅಮೀನ ಕೂಡ ಮುಟ್ಟಬಾರದ ಹಾಸಿಗೆ, ಪಾತ್ರೆ, ಬಟ್ಟೆಯನ್ನು ಒಬ್ಬ ಮ್ಯಾನೇಜರ್ ಯಾವ ಆದೇಶವೂ ಇಲ್ಲದೆ ಕಸದ ಆಟೊಗೆ ತುಂಬುತ್ತಾನೆ. ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವವರ ಮುಂದೆ ನಾನು ಮೊದಲು ಇಡುವುದು ಈ ಸೆಕ್ಷನ್ನನ್ನೇ.

ಬೀಗ ಬದಲಿಸುವ ಮೊದಲು

ಸಾಮಾನಿನ ಪ್ರಶ್ನೆಗಿಂತ ಮೊದಲು ಬರುವುದು ಮನೆಯ ಪ್ರಶ್ನೆ. ಬಾಡಿಗೆದಾರರು ಇನ್ನೂ ಸ್ವಾಧೀನದಲ್ಲಿರುವಾಗ ಮಾಲೀಕರು ಒಳಗೆ ಕಾಲಿಟ್ಟು ಸಾಮಾನು ಹೊರಹಾಕಿದರೆ ಅಲ್ಲಿ ಎರಡು ತಪ್ಪು ಒಟ್ಟಿಗೆ ಆಗುತ್ತವೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂತು. ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಣ್ಣ ಊರುಗಳಿಗೆ ಮಿತಿ 2,000. ಇಂದು ಬೆಂಗಳೂರಿನಲ್ಲಿ 3,500ಕ್ಕೆ ಒಂದು ಕೋಣೆಯೂ ಸಿಗುವುದಿಲ್ಲ. ಹಾಗಾಗಿ ನಗರದ ಬಹುಪಾಲು ಬಾಡಿಗೆದಾರರನ್ನು ಕಾಯುತ್ತಿರುವುದು ಬಾಡಿಗೆ ಕಾಯ್ದೆಯಲ್ಲ, 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆ ಮುಗಿಸಲು 15 ದಿನಗಳ ಲಿಖಿತ ನೋಟಿಸ್ ಬೇಕು. ನೋಟಿಸ್ ಅವಧಿ ಮುಗಿದರೂ ಬಾಡಿಗೆದಾರರು ಹೋಗದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕೇ ಹೊರತು ಬೀಗದ ಅಂಗಡಿಗಲ್ಲ.

ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. 1968ರ ಲಲ್ಲು ಯಶವಂತ ಸಿಂಗ್ ಪ್ರಕರಣದಲ್ಲಿ, ಅವಧಿ ಮುಗಿದ ಬಾಡಿಗೆದಾರರನ್ನೂ ಬಲವಂತದಿಂದ ಹೊರಹಾಕುವಂತಿಲ್ಲ ಎಂದಿತು. 1989ರ ಕೃಷ್ಣ ರಾಮ್ ಮಹಾಳೆ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ನೆಲೆ ನಿಂತ ವ್ಯಕ್ತಿಗೆ ಅಲ್ಲಿರುವ ಹಕ್ಕೇ ಇಲ್ಲ ಎಂದುಕೊಂಡರೂ ಮಾಲೀಕರು ಕಾನೂನಿನ ಮೂಲಕವೇ ತೆರವು ಮಾಡಿಸಬೇಕು ಎಂದಿತು. ಬೆಂಗಳೂರಿನ ಜಾಗವೊಂದರ ವಿವಾದದಿಂದ ಹುಟ್ಟಿದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದ 2003ರ ಡಿಸೆಂಬರ್ ತೀರ್ಪು, ನೆಲೆಗೊಂಡ ಸ್ವಾಧೀನಕ್ಕೆ ರಕ್ಷಣೆ ಯಾವಾಗ ಸಿಗುತ್ತದೆ ಎಂಬುದನ್ನು ವಿವರವಾಗಿ ಬಿಡಿಸಿಟ್ಟಿದೆ. ಹೀಗೆ ಸ್ವಾಧೀನ ಕಳೆದುಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ಆರು ತಿಂಗಳೊಳಗೆ ದಾವೆ ಹೂಡಬಹುದು. ಅಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಬರುವುದಿಲ್ಲ. ಕಾನೂನು ಬಿಟ್ಟು ಹೊರಹಾಕಿದರೇ ಎಂಬುದಷ್ಟೇ ನೋಡುತ್ತಾರೆ. ಆರು ತಿಂಗಳು ಎಂಬುದನ್ನು ಮರೆಯಬಾರದು. 'ಮಾತುಕತೆ ನಡೀತಿದೆ' ಎಂದು ಕಾಯುತ್ತಾ ಕೂತು ಅವಧಿ ಕಳೆದುಕೊಂಡವರು ಬಹಳ.

ಗೋಡೆಗೆ ಕೂರಿಸಿದ ಗೀಸರ್, ಎಸಿಯಂಥ ವಸ್ತುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಬಾಡಿಗೆದಾರರು ತಾವೇ ಹಾಕಿಸಿದ್ದನ್ನು ಬಿಚ್ಚಿಕೊಳ್ಳಬಹುದು, ಆದರೆ ಸ್ವಾಧೀನದಲ್ಲಿರುವಾಗ ಮಾತ್ರ ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಕೀಲಿ ಕೊಟ್ಟ ಮೇಲೆ 'ಆಮೇಲೆ ಬಂದು ಬಿಚ್ತೀನಿ' ಎಂದರೆ ಹಕ್ಕು ಕೈತಪ್ಪಬಹುದು.

ಪಿಜಿಯವರಿಗೂ ಹಕ್ಕಿದೆ

ಪಿಜಿಯಲ್ಲಿ ಇರುವವರು ಸಾಮಾನ್ಯವಾಗಿ ಬಾಡಿಗೆದಾರರಲ್ಲ. ಕೋಣೆಯ ಮೇಲೆ ಅವರೊಬ್ಬರದೇ ಸ್ವಾಧೀನ ಇರುವುದಿಲ್ಲ. ಮೂವರು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ, ಒಂದು ಕಬೋರ್ಡು, ಮೇಲೆ ವಾರ್ಡನ್ನಿನ ಉಸ್ತುವಾರಿ. ಬಾಡಿಗೆ ಹಕ್ಕಿಗೂ ಕೇವಲ ಇರಲು ಕೊಟ್ಟ ಅನುಮತಿಗೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಕಾಗದಕ್ಕೆ ಏನು ಹೆಸರಿಟ್ಟಿದ್ದೀರಿ ಎಂಬುದಕ್ಕಿಂತ ನಿಜವಾದ ಉದ್ದೇಶ ಏನು, ಜಾಗದ ಮೇಲೆ ಪೂರ್ಣ ಸ್ವಾಧೀನ ಯಾರದು ಎಂಬುದು ಮುಖ್ಯ. ಆ ಅಳತೆಯಲ್ಲಿ ಬಹುತೇಕ ಪಿಜಿವಾಸಿಗಳು ಅನುಮತಿ ಪಡೆದು ಇರುವವರು.

'ಹಾಗಾದರೆ ನೋಟಿಸ್ ಬೇಡ, ಯಾವಾಗ ಬೇಕಾದರೂ ಹೊರಗೆ' ಎಂದು ಪಿಜಿ ನಡೆಸುವವರು ತೀರ್ಮಾನಿಸುವುದು ಇಲ್ಲಿಂದಲೇ. ಅದು ತಪ್ಪು. ಇಂಥ ಅನುಮತಿಗಳನ್ನು ನಿಯಂತ್ರಿಸುವ 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ 63ನೇ ಸೆಕ್ಷನ್ ನೇರವಾಗಿ ನಮ್ಮ ವಿಷಯಕ್ಕೇ ಬರೆದಂತಿದೆ: ಅನುಮತಿ ರದ್ದಾದಾಗ ಆ ವ್ಯಕ್ತಿಗೆ ಜಾಗ ಬಿಟ್ಟು ಹೋಗಲು, ಅಲ್ಲಿ ಇಡಲು ಬಿಟ್ಟಿದ್ದ ಸಾಮಾನನ್ನು ತೆಗೆದುಕೊಂಡು ಹೋಗಲು ಸಮಂಜಸವಾದ ಕಾಲಾವಕಾಶದ ಹಕ್ಕಿದೆ. ಹಣ ಪಡೆದು ಅನುಮತಿ ಕೊಟ್ಟು, ತಪ್ಪಿಲ್ಲದವರನ್ನು ಅವಧಿಗೆ ಮೊದಲೇ ಹೊರಹಾಕಿದರೆ ಪರಿಹಾರ ಕೇಳಬಹುದು ಎಂದು 64ನೇ ಸೆಕ್ಷನ್ ಹೇಳುತ್ತದೆ. ಸಮಂಜಸ ಎಂದರೆ ಎಷ್ಟು ದಿನ ಎಂದು ಕಾಯ್ದೆ ಹೇಳಿಲ್ಲ. ಊರಲ್ಲಿ ಆಸ್ಪತ್ರೆಯ ಮುಂದೆ ಕೂತವಳಿಗೆ ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿ ಮಾರನೇ ದಿನ ಗುಜರಿಗೆ ಹಾಕುವುದು ಯಾವ ಲೆಕ್ಕದಲ್ಲೂ ಸಮಂಜಸವಲ್ಲ ಎನ್ನಲು ದೊಡ್ಡ ಕಾನೂನು ಪಾಂಡಿತ್ಯ ಬೇಕಿಲ್ಲ.

ಪಿಜಿಯವರಿಗೆ ಮಾಮೂಲಿ ಬಾಡಿಗೆದಾರರಿಗಿಂತ ಒಂದು ಅನುಕೂಲವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಣ ಪಡೆದು ಊಟ–ವಸತಿ ಒದಗಿಸುವುದು ಒಂದು ಸೇವೆ. ಹಾಗಾಗಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಎರಡು ವರ್ಷದೊಳಗೆ. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ಶುರು ಮಾಡಬಹುದು. ದಿನದ ಬಾಡಿಗೆಗೆ ಗೋದಾಮಿನಲ್ಲಿ ಸಾಮಾನು ಇಟ್ಟುಕೊಳ್ಳುವ ಕಂಪನಿಗಳು, ಪ್ಯಾಕರ್ಸ್ ಅಂಡ್ ಮೂವರ್ಸ್‌ಗಳಿಗೂ ಇದೇ ದಾರಿ.

'ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು' ಎಂಬ ಬೋರ್ಡು ಪ್ರತಿ ಪಿಜಿಯ ರಿಸೆಪ್ಷನ್ನಿನಲ್ಲೂ ನೇತಾಡುತ್ತಿರುತ್ತದೆ. ಅದನ್ನು ನೋಡಿ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ದಿಲ್ಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಕಾರ್ ಪಾರ್ಕ್ ಮಾಡಲು ಹೋಟೆಲ್ ಸಿಬ್ಬಂದಿಗೆ ಕೀಲಿ ಕೊಟ್ಟ ಅತಿಥಿಯೊಬ್ಬರ ಕಾರು ಕಳುವಾಯಿತು. ಪಾರ್ಕಿಂಗ್ ಚೀಟಿಯ ಮೇಲೆ 'ಮಾಲೀಕರ ಜವಾಬ್ದಾರಿ' ಎಂದು ಅಚ್ಚಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್, ತನ್ನ ಮತ್ತು ತನ್ನ ನೌಕರರ ನಿರ್ಲಕ್ಷ್ಯದ ಹೊಣೆಯನ್ನು ಹೋಟೆಲ್ ಹೀಗೆ ಚೀಟಿಯ ಮೂಲಕ ಕಳಚಿಕೊಳ್ಳುವಂತಿಲ್ಲ ಎಂದಿತು. ಕಾರಿನ ವಿಷಯ ಬೇರೆ, ಟ್ರಂಕಿನ ವಿಷಯ ಬೇರೆ ಎಂದು ವಾದಿಸಬಹುದು. ಆದರೆ ಕಾರು ಕಳ್ಳರ ಪಾಲಾಯಿತು. ಟ್ರಂಕನ್ನು ಇಟ್ಟುಕೊಂಡವರೇ ಕೈಯಾರೆ ಕೊಟ್ಟರು. ಇದು ನಿರ್ಲಕ್ಷ್ಯಕ್ಕಿಂತ ಕೆಟ್ಟದ್ದು.

'ಇಟ್ಟೋಗಮ್ಮ' ಎಂದರೆ ಒಪ್ಪಿಗೆ

ಹಾವೇರಿ ಹುಡುಗಿಯ ಪ್ರಕರಣದಲ್ಲಿ ಅವಳು ಬೆಡ್ ಬಿಟ್ಟುಕೊಟ್ಟಾಗಿದೆ. ಈಗ ಅವಳು ಪಿಜಿವಾಸಿಯೂ ಅಲ್ಲ. ಹಾಗಾದರೆ ಅವಳ ಹಕ್ಕೇನು? ಕರಾರು ಕಾಯ್ದೆಯ 148ನೇ ಸೆಕ್ಷನ್ನಿನಿಂದ ಶುರುವಾಗುವ ಅಧ್ಯಾಯ ಇಲ್ಲಿ ಕೈಹಿಡಿಯುತ್ತದೆ. ಒಂದು ಉದ್ದೇಶಕ್ಕೆ, ಆಮೇಲೆ ಹಿಂದಿರುಗಿಸಬೇಕೆಂಬ ಒಪ್ಪಂದದ ಮೇಲೆ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟರೆ ಅದು ನಿಕ್ಷೇಪ. ಮೆಟ್ಟಿಲ ಕೆಳಗೆ ಇಡಲು 'ಇಟ್ಟೋಗಮ್ಮ' ಎಂದದ್ದು ಸಾಕು. ಸ್ಟ್ಯಾಂಪ್ ಪೇಪರ್ ಬೇಕಿಲ್ಲ. 151ನೇ ಸೆಕ್ಷನ್ ಪ್ರಕಾರ, ಸಾಮಾನ್ಯ ವಿವೇಕ ಇರುವ ವ್ಯಕ್ತಿ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ಅದನ್ನು ನೋಡಿಕೊಳ್ಳಬೇಕು. ಇದು ಎಲ್ಲ ನಿಕ್ಷೇಪಗಳಿಗೂ ಅನ್ವಯ. 'ನಾನು ದುಡ್ಡು ತಗೊಂಡಿರಲಿಲ್ಲ, ಪುಕ್ಕಟೆ ಇಟ್ಟುಕೊಂಡಿದ್ದೆ' ಎಂಬುದು ನಮ್ಮ ಕಾನೂನಿನಲ್ಲಿ ಜಾಗ್ರತೆಯ ಅಳತೆಯನ್ನು ಇಳಿಸುವುದಿಲ್ಲ. ಮ್ಯಾನೇಜರ್ ಬದಲಾದದ್ದು ಪಿಜಿಯ ಒಳಗಿನ ವಿಷಯ. ಹಳಬನ ಮಾತು ಪಿಜಿಯ ಮಾತೇ.

ಏನೂ ಹೇಳದೆ ಬಿಟ್ಟು ಹೋದ ಸಾಮಾನಿನ ಕಥೆ ಸ್ವಲ್ಪ ಜಟಿಲ. ಬಿಟ್ಟು ಹೋಗುವುದಕ್ಕೂ ಬೇಡವೆಂದು ತೊರೆಯುವುದಕ್ಕೂ ಅಂತರವಿದೆ. ಮನೆ ಗುಡಿಸಿ, ಕೀಲಿ ಕೊಟ್ಟು, ಲೆಕ್ಕ ಚುಕ್ತಾ ಮಾಡಿ ಹೋದವರು ಬಾಲ್ಕನಿಯಲ್ಲಿ ಬಿಟ್ಟ ಮುರಿದ ಪ್ಲಾಸ್ಟಿಕ್ ಕುರ್ಚಿಯನ್ನು ತೊರೆದರು ಎನ್ನಬಹುದು. ಬಟ್ಟೆ ಮಡಚಿಟ್ಟ ಬೀರು, ದೇವರ ಫೋಟೊ, ಮಗುವಿನ ಸ್ಕೂಲ್ ಬ್ಯಾಗ್ ಇರುವ ಮನೆಗೆ ಬೀಗ ಹಾಕಿ ಹೋದವರು ಏನನ್ನೂ ತೊರೆದಿಲ್ಲ. ಅವರು ಆಸ್ಪತ್ರೆಯಲ್ಲಿರಬಹುದು, ಜೈಲಿನಲ್ಲಿರಬಹುದು, ಗಂಡನ ಹೊಡೆತ ತಾಳಲಾರದೆ ರಾತ್ರೋರಾತ್ರಿ ತವರಿಗೆ ಹೋಗಿರಬಹುದು. ಇನ್ನೊಬ್ಬರ ವಸ್ತು ಸಿಕ್ಕಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡವರಿಗೂ ಕರಾರು ಕಾಯ್ದೆಯ 71ನೇ ಸೆಕ್ಷನ್, ನಿಕ್ಷೇಪ ಇಟ್ಟುಕೊಂಡವರಷ್ಟೇ ಹೊಣೆ ಹೊರಿಸುತ್ತದೆ. ಬಾಡಿಗೆದಾರರು ತೀರಿಕೊಂಡಿದ್ದರೆ ಸಾಮಾನು ವಾರಸುದಾರರಿಗೆ ಸೇರಬೇಕು. ಸತ್ತವರ ವಸ್ತುವನ್ನು ಅಪ್ರಾಮಾಣಿಕವಾಗಿ ಲಪಟಾಯಿಸುವುದು, ಹಳೆಯ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 315ನೇ ಸೆಕ್ಷನ್ ಅಡಿ ಪ್ರತ್ಯೇಕ ಅಪರಾಧ.

ಕೊರೊನಾ ಲಾಕ್‌ಡೌನ್ ಈ ಸಮಸ್ಯೆಯನ್ನು ಒಮ್ಮೆಲೇ ಎಲ್ಲರ ಕಣ್ಣೆದುರು ತಂದಿತ್ತು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ವಲಸೆ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಬಲವಂತವಾಗಿ ಖಾಲಿ ಮಾಡಿಸಿದರೆ ಕ್ರಮ ಎಂದು ಆದೇಶಿಸಿತು. ಆದರೆ ಸಿಕ್ಕ ಬಸ್ಸು ಹತ್ತಿ ಊರಿಗೆ ಹೋದವರ ಹಾಸಿಗೆ, ಪುಸ್ತಕ, ಪಾತ್ರೆಯನ್ನು ಎಷ್ಟು ದಿನ, ಯಾರು, ಹೇಗೆ ಕಾಪಾಡಬೇಕು ಎಂಬುದಕ್ಕೆ ಆಮೇಲೂ ಒಂದು ಸರಳ ನಿಯಮ ಬರಲಿಲ್ಲ.

ಠಾಣೆಯಲ್ಲಿ ಏನಾಗುತ್ತದೆ

'ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ.' ಠಾಣೆಗೆ ಹೋದ ಬಹುತೇಕರು ಈ ಮಾತು ಕೇಳಿಸಿಕೊಂಡು ವಾಪಸಾಗುತ್ತಾರೆ. ಮನೆ ಖಾಲಿ ಮಾಡಬೇಕೋ ಬೇಡವೋ ಎಂಬುದು ಸಿವಿಲ್ ವಿಷಯ ಹೌದು. ಸಾಮಾನು ಎತ್ತಿ ಮಾರಿದ್ದು ಹಾಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಕಳ್ಳತನ 303ನೇ ಸೆಕ್ಷನ್, ಅಪ್ರಾಮಾಣಿಕ ದುರುಪಯೋಗ 314, ನಂಬಿಕೆ ದ್ರೋಹ 316, ಬೇಕೆಂದೇ ನಷ್ಟ ಮಾಡುವುದು 324, ಮನೆ ಅತಿಕ್ರಮ ಪ್ರವೇಶ 329. ಸಾಮಾನು ಮಾರಿ ಹಣ ಮಾಡಿಕೊಂಡರೆ ಒಂದು, ಎಸೆದು ನಾಶ ಮಾಡಿದರೆ ಇನ್ನೊಂದು ಅನ್ವಯವಾಗುತ್ತದೆ.

ಇಲ್ಲಿ ಬೆಲೆಯ ಅಂಕಿಗಳಿಗೆ ಮಹತ್ವವಿದೆ. 324ರಲ್ಲಿ ನಷ್ಟ 20,000 ದಾಟಿದರೆ ಎರಡು ವರ್ಷದವರೆಗೆ, ಒಂದು ಲಕ್ಷ ಮುಟ್ಟಿದರೆ ಐದು ವರ್ಷದವರೆಗೆ ಶಿಕ್ಷೆ. 5,000ಕ್ಕಿಂತ ಕಡಿಮೆ ಮೌಲ್ಯದ ಮೊದಲ ಕಳ್ಳತನದಲ್ಲಿ ವಸ್ತು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಸಮುದಾಯ ಸೇವೆಯಷ್ಟೇ. ಹಾಗಾಗಿ ದೂರಿನಲ್ಲಿ 'ನನ್ನ ಸಾಮಾನು' ಎಂದು ಒಂದೇ ಸಾಲಲ್ಲಿ ಮುಗಿಸದೆ ಪ್ರತಿ ವಸ್ತುವನ್ನೂ ಬರೆದು, ಹೊಸದಾಗಿ ಕೊಳ್ಳಲು ಎಷ್ಟಾಗುತ್ತದೆ ಎಂದು ಎದುರಿಗೆ ಹಾಕಬೇಕು.

ಕ್ರಿಮಿನಲ್ ಪ್ರಕರಣದ ಮಿತಿಯನ್ನೂ ತಿಳಿದಿರಬೇಕು. ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಸಾಬೀತಾಗಬೇಕು. 'ಬಿಟ್ಟು ಹೋಗಿದ್ದಾರೆ ಅಂದುಕೊಂಡೆ' ಎಂದು ಮಾಲೀಕರು ನಂಬುವಂತೆ ಹೇಳಿದರೆ ಅಪರಾಧದಿಂದ ಪಾರಾಗಬಹುದು. ಪರಿಹಾರ ಕೊಡುವ ಸಿವಿಲ್ ಹೊಣೆಯಿಂದ ಅಷ್ಟು ಸುಲಭಕ್ಕೆ ಪಾರಾಗಲಾರರು. ದೂರು ದಾಖಲಿಸಲು ಠಾಣೆ ಒಪ್ಪದಿದ್ದರೆ, ಕ್ರಿಮಿನಲ್ ಪ್ರಕರಣಗಳ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಸಿವಿಲ್ ದಾವೆಗೆ ಮೂರು ವರ್ಷ ಅವಕಾಶವಿದೆ. ಅಂಕಪಟ್ಟಿ, ಒಡವೆಯಂಥ ಹಣದಿಂದ ತುಂಬಲಾಗದ ವಸ್ತು ಇನ್ನೂ ಮಾಲೀಕರ ಕೈಯಲ್ಲೇ ಇದ್ದರೆ ಪರಿಹಾರದ ಬದಲು ವಸ್ತುವನ್ನೇ ವಾಪಸ್ ಕೊಡಿಸಿ ಎಂದು ಕೇಳಲು ನಿರ್ದಿಷ್ಟ ಪರಿಹಾರ ಕಾಯ್ದೆಯ 7 ಮತ್ತು 8ನೇ ಸೆಕ್ಷನ್‌ಗಳಿವೆ. ವಕೀಲರ ಫೀಸು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವಿದೆ.

ಆದರೆ ಇವೆಲ್ಲ ಎರಡನೇ ದಿನದ ಕೆಲಸ. ಮೊದಲ ದಿನ ಮಾಡಬೇಕಾದದ್ದು ಸಾಮಾನು ಹುಡುಕುವುದು. ಯಾವ ಗುಜರಿ ಅಂಗಡಿಗೆ, ಯಾವತ್ತು ಹಾಕಿದಿರಿ ಎಂದು ಮಾಲೀಕರನ್ನು ಸಂದೇಶದಲ್ಲೇ ಕೇಳಿ. ಉತ್ತರ ಬಂದರೆ ಅದೇ ಸಾಕ್ಷಿ. ಗುಜರಿಯಲ್ಲಿ ಕಬ್ಬಿಣ, ಪೇಪರು, ಪ್ಲಾಸ್ಟಿಕ್ ಬೇರೆ ಮಾಡಿ ಬೇರೆ ಬೇರೆ ಕಡೆ ಸಾಗಿಸುತ್ತಾರೆ, ಕಾಗದಪತ್ರ ಇರುವ ಟ್ರಂಕು ಸಿಗಬೇಕಾದರೆ ತಡ ಮಾಡುವಂತಿಲ್ಲ. ಫೋನ್ ಗ್ಯಾಲರಿಯಲ್ಲಿ ರೂಮಿನ ಹಳೇ ಫೋಟೊ, ಅಮೆಜಾನ್–ಫ್ಲಿಪ್‌ಕಾರ್ಟ್ ಬಿಲ್ಲು, ಮ್ಯಾನೇಜರ್ ಜೊತೆಗಿನ ಚಾಟ್ ಒಂದನ್ನೂ ಅಳಿಸದೆ ತೆಗೆದಿಡಿ. ಚಾಟನ್ನು ಕೋರ್ಟಿಗೆ ಕೊಡುವಾಗ ಎಲೆಕ್ಟ್ರಾನಿಕ್ ದಾಖಲೆಗೆಂದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರ ಬೇಕಾಗುತ್ತದೆ, ಹಾಗಾಗಿ ಆ ಮೊಬೈಲನ್ನೂ ಮಾರಬೇಡಿ.

ಮಾಲೀಕರ ಕಷ್ಟ ಸುಳ್ಳಲ್ಲ

ಬೀಗ ಹಾಕಿಕೊಂಡು ನಾಪತ್ತೆಯಾದವರಿಂದ ಮನೆ ಮಾಲೀಕರು ಪಡುವ ಪಾಡೂ ನಿಜ. ಪಿಂಚಣಿ ಸಾಲದೆ ಮೇಲಿನ ಮನೆ ಬಾಡಿಗೆಗೆ ಕೊಟ್ಟು ಬದುಕುವ ವೃದ್ಧ ದಂಪತಿಗೆ ನಾಲ್ಕು ತಿಂಗಳು ಬೀಗ ಬಿದ್ದ ಮನೆ ಎಂದರೆ ನಾಲ್ಕು ತಿಂಗಳ ಔಷಧಿ. ಅವರಿಗೆ 'ದಾವೆ ಹೂಡಿ, ಕೆಲವು ವರ್ಷ ಕಾಯಿರಿ' ಎನ್ನುವುದು ಉತ್ತರವಲ್ಲ. ಈ ಅಸಹಾಯಕತೆಯೇ ಅವರನ್ನು ಬೀಗ ಮುರಿಯುವ ಕಡೆ ತಳ್ಳುತ್ತದೆ.

ಕಾನೂನಿನ ನಿಜವಾದ ಲೋಪ ಇಲ್ಲಿದೆ. ನಮ್ಮಲ್ಲಿ 'ಎಸೆಯಬಾರದು' ಎಂಬ ತತ್ವ ಹತ್ತಾರು ಸೆಕ್ಷನ್‌ಗಳಲ್ಲಿ ಹರಡಿಕೊಂಡಿದೆ, 'ಹಾಗಾದರೆ ಏನು ಮಾಡಬೇಕು' ಎಂಬ ದಿನಗಳ ಲೆಕ್ಕ ಎಲ್ಲೂ ಸಿಗುವುದಿಲ್ಲ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಈ ಲೆಕ್ಕ ಸ್ಪಷ್ಟವಾಗಿದೆ. ಬಾಡಿಗೆದಾರರು ಬಿಟ್ಟುಹೋದ ಸಾಮಾನನ್ನು ವಿವರಿಸಿ ಮಾಲೀಕರು ಲಿಖಿತ ನೋಟಿಸ್ ಕೊಡಬೇಕು. ಖುದ್ದಾಗಿ ಕೊಟ್ಟರೆ ಕನಿಷ್ಠ 15 ದಿನ, ಅಂಚೆಯಲ್ಲಿ ಕಳಿಸಿದರೆ 18 ದಿನ ಕಾಯಬೇಕು. ಸಾಮಾನಿನ ಮೌಲ್ಯ 700 ಡಾಲರ್‌ಗಿಂತ ಹೆಚ್ಚಿದ್ದರೆ ಬಹಿರಂಗ ಹರಾಜು ಹಾಕಬೇಕು. ಮಾಲೀಕರಿಗೂ ಅದರಿಂದ ರಕ್ಷಣೆ, ನಿಯಮ ಪಾಲಿಸಿದ ಮೇಲೆ ಮೊಕದ್ದಮೆಯ ಭಯವಿಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಿತಿ, ಬೇಗ ತೀರ್ಮಾನಿಸುವ ಬಾಡಿಗೆ ಪ್ರಾಧಿಕಾರ ಎಂದೆಲ್ಲ ಹೇಳಿದೆ. ಕರ್ನಾಟಕ ತನ್ನ ಕಾಯ್ದೆಯನ್ನು ಕಾಲಕ್ಕೆ ತಕ್ಕಂತೆ ತಿದ್ದುವಾಗ 3,500ರ ಮಿತಿ ತೆಗೆಯುವುದರ ಜೊತೆಗೆ ಸಾಮಾನಿನ ಬಗ್ಗೆಯೂ ಹೀಗೆ ಒಂದು ಪುಟ ಸೇರಿಸಬೇಕು, ಪಿಜಿಗಳನ್ನೂ ಒಳಗೊಂಡು.

ಅಲ್ಲಿಯವರೆಗೆ ಮಾಲೀಕರು ಮಾಡಬಹುದಾದದ್ದು ಇಷ್ಟು. ಕರಾರಿನಲ್ಲಿರುವ ಊರಿನ ವಿಳಾಸಕ್ಕೆ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ನೋಟಿಸ್, ಅದೇ ನೋಟಿಸಿನ ಫೋಟೊ ವಾಟ್ಸ್ಆ್ಯಪ್‌ಗೆ, ತುರ್ತು ಸಂಪರ್ಕಕ್ಕೆ ಕೊಟ್ಟ ಸಂಬಂಧಿಕರಿಗೆ ಒಂದು ಫೋನು, ಠಾಣೆಗೆ ಲಿಖಿತ ಮಾಹಿತಿ. ಸೋರಿಕೆ, ಶಾರ್ಟ್ ಸರ್ಕ್ಯೂಟ್ ಎಂದು ತೆರೆಯಲೇಬೇಕಾಗಿ ಬಂದರೆ ಅಕ್ಕಪಕ್ಕದ ಇಬ್ಬರನ್ನು ಕರೆದು, ವಿಡಿಯೊ ಮಾಡಿ, ಒಳಗಿರುವುದನ್ನು ಪಟ್ಟಿ ಮಾಡಿ ಸಹಿ ಹಾಕಿಸಿ. ಕಾಗದಪತ್ರ, ಔಷಧಿ, ಒಡವೆ, ಲ್ಯಾಪ್‌ಟಾಪ್ ಬೇರೆ ಚೀಲದಲ್ಲಿ ಸೀಲ್ ಆಗಲಿ. ಸಾಮಾನು ಸಾಗಿಸಿಟ್ಟ ಖರ್ಚನ್ನು ಲೆಕ್ಕ ಇಟ್ಟು ಕೇಳಬಹುದು, ಅಡ್ವಾನ್ಸಿನಲ್ಲಿ ಬಾಕಿ ಹಿಡಿದುಕೊಳ್ಳಬಹುದು. ಬೆಂಗಳೂರಿನಲ್ಲಿ ಹಲವು ತಿಂಗಳ ಅಡ್ವಾನ್ಸ್ ಕೈಯಲ್ಲಿ ಇಟ್ಟುಕೊಂಡ ಮಾಲೀಕರು ಬಾಕಿ ಬಾಡಿಗೆಯ ನೆಪದಲ್ಲಿ ಪಾತ್ರೆಗೆ ಕೈಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೊಸ ಕಾನೂನು ಬರುವ ತನಕ ಕಾಯದೆ ಇವತ್ತೇ ಮಾಡಬಹುದಾದ ಕೆಲಸ ಕರಾರಿನಲ್ಲಿದೆ. ಹನ್ನೊಂದು ತಿಂಗಳ ಕರಾರನ್ನು ಬ್ರೋಕರ್ ಅಚ್ಚು ಹಾಕಿಸಿ ತಂದಾಗ ಅದರಲ್ಲಿ ಈ ಅರ್ಥದ ಸಾಲು ಸೇರಿಸಲು ಕೇಳಿ: ಬಾಡಿಗೆದಾರರ ಸಾಮಾನು ಉಳಿದಿದ್ದರೆ ಮಾಲೀಕರು ಅದರ ಪಟ್ಟಿ ಸಮೇತ ಕೆಳಗಿನ ಎರಡು ವಿಳಾಸಕ್ಕೂ ಎರಡು ಫೋನ್ ನಂಬರಿಗೂ ಲಿಖಿತ ನೋಟಿಸ್ ಕಳಿಸತಕ್ಕದ್ದು, ನೋಟಿಸ್ ತಲುಪಿದ 30 ದಿನ ಕಾಯತಕ್ಕದ್ದು, ಗುರುತಿನ ಮತ್ತು ಶಿಕ್ಷಣದ ದಾಖಲೆಗಳನ್ನು ಯಾವ ಕಾರಣಕ್ಕೂ ವಿಲೇವಾರಿ ಮಾಡತಕ್ಕದ್ದಲ್ಲ. ಪಿಜಿಯಲ್ಲಾದರೆ ಸಾಮಾನು ಇಟ್ಟು ಹೊರಡುವಾಗ ಫೋಟೊ ತೆಗೆದು, 'ಇಷ್ಟು ಸಾಮಾನು, ಇಂಥ ಜಾಗ, ಇಂಥ ತಾರೀಖಿನವರೆಗೆ' ಎಂದು ಮ್ಯಾನೇಜರಿಗೂ ಓನರಿಗೂ ಇಬ್ಬರಿಗೂ ಸಂದೇಶ ಹಾಕಿ, 'ಸರಿ' ಎಂಬ ಉತ್ತರ ಬರುವ ತನಕ ಬಸ್ ಹತ್ತಬೇಡಿ. ಅಂಕಪಟ್ಟಿಗಳು ನಿಮ್ಮ ಜೊತೆಗೇ ಬರಲಿ. ಕರಾರಿನಲ್ಲಿ 'ಬಾಕಿ ಇದ್ದಲ್ಲಿ ಒಳಗಿನ ಸಾಮಾನಿನ ಮೇಲೆ ಮಾಲೀಕರಿಗೆ ಹಕ್ಕು' ಎಂಬ ಸಾಲು ಕಂಡರೆ ಸಹಿಗೆ ಮೊದಲು ಅದನ್ನು ಹೊಡೆದು ಹಾಕಿಸಿ, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಮಾಡಿ.